ಬೆಲ್ಟ್ ಬಿಚ್ಚಿ

ಹಿಯುಮಾ ದ್ವೀಪದ ಗ್ರಂಥಾಲಯ, ಹಿಂದಿನ ಕೋಣೆ,
ಬೆನ್ನು ಹರಿದ ಅಟ್ಲಾಸುಗಳ ಪಕ್ಕ
ನನ್ನ ಸರ್ವರ್. ಬೂಟಿನ ಪೆಟ್ಟಿಗೆಯಷ್ಟೇ.
ಇನ್ನೂರ ಹದಿನಾಲ್ಕು ಜನ ಅದರೊಳಗೆ ಒಕ್ಕಲು:
ಕೈಗವಸು ಹೆಣೆಯುವವರು, ಸೀಲುಗಳನ್ನು ಎಣಿಸುವವನೊಬ್ಬ,
ದೀಪಸ್ತಂಭದ ತುಕ್ಕನ್ನಷ್ಟೇ ಚಿತ್ರ ತೆಗೆಯುವ ಹುಡುಗಿ.
ಜಾಹೀರಾತಿಲ್ಲ. ಕರೆಂಟ್ ಬಿಲ್ಲಿಗೆ ಒಂದು ಜಾಡಿ.
ಕೆಲವರು ದುಡ್ಡಿನ ಬದಲು ಹೊಗೆ ಹಿಡಿಸಿದ ಮೀನು ತರುತ್ತಾರೆ.
ಸರ್ವರಿಗೆ ಮೀನು ಬೇಡ. ನನಗೆ ಬೇಕು.

ನಮ್ಮಂಥ ಮನೆಗಳು ಲೋಕದ ತುಂಬ ಇವೆ,
ಒಂದರ ಕಿಟಕಿಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳುತ್ತದೆ.
ಹೆಲ್ದುರ್ ಮಾತ್ರ ಬೇರೆ ಜಾಲಕ್ಕೆ ಹೋದ,
ಅದೇ ವರ್ಷ ಸಮುದ್ರ ದಾಟಿ ಹಾಪ್ಸಲುವಿಗೂ.
ಅಲ್ಲಿಯೂ ಒಡೆಯರಿಲ್ಲವಂತೆ, ಆದರೆ ವ್ಯಾಕರಣ ಬೇರೆ.
ಅವರ ಕೂಗು ನಮಗೆ ಗಾಳಿ. ನಮ್ಮದು ಅವರಿಗೆ.

ಸೇತುವೆ ಹಾಕೋಣ ಅಂದೆ. ಮೂರು ವಾರ ಜಗಳ.
"ನನ್ನ ಮಾತು ನನ್ನನ್ನು ಕೇಳದೆ ದಾಟಕೂಡದು"
ಮಾಲ್ಲೆ ಗುಡುಗಿದಳು. ಅವಳದ್ದು ನ್ಯಾಯವೇ.
ಕೇಳಿಯೇ ದಾಟಿಸೋಣ ಅಂತಾಯಿತು.
ಒಪ್ಪಿದವರು ಹನ್ನೊಂದು ಮಂದಿ. ಆ ದಡದಲ್ಲಿ ಹೆಲ್ದುರ್.

ಜನವರಿಯ ಒಂದು ರಾತ್ರಿ, ಎರಡು ಗಂಟೆ ಹತ್ತು ನಿಮಿಷಕ್ಕೆ
ಸೇತುವೆಯ ಮೇಲೆ ಒಂಟಿಯಾಗಿ ನಡೆದು ಬಂತು:
"ಎಲ್ವಿಯ ಕನ್ನಡಕ ಇನ್ನೂ ಫ್ರಿಜ್ಜಿನ ಮೇಲಿದೆ.
ಇವತ್ತು ಒರೆಸಿದೆ. ಯಾಕೆ ಒರೆಸಿದೆ?"

ಬೆಳಗ್ಗೆ ಅಳಿಸಿದನಂತೆ.
ಅಳಿಸಿದ್ದು ದಾಟಲಿಲ್ಲ.
ಸೇತುವೆಗೆ ಹೊರುವುದು ಗೊತ್ತು, ಹಿಂದಕ್ಕೆ ಕರೆಯುವುದು ಗೊತ್ತಿಲ್ಲ.
ಆಡಿದರೆ ಹೋಯಿತು ಮಾತು ಅನ್ನುತ್ತಾರಲ್ಲ,
ಇಲ್ಲಿ ಹೋಗಲಿಲ್ಲ. ಕೋಟು ಬಿಚ್ಚದೆ
ಎಲ್ಲರ ನಡುವೆ ಕೂತೇ ಇತ್ತು.

ಹತ್ತೊಂಬತ್ತು ಜನ ಉತ್ತರ ಬರೆದರು,
ಎಲ್ಲರೂ ದಾಟಲು ಒಪ್ಪದವರೇ,
ಹಾಗಾಗಿ ಉತ್ತರಗಳೆಲ್ಲ ಈ ದಡದಲ್ಲೇ.
ಮಾಲ್ಲೆ ಬರೆದದ್ದು: "ಸತ್ತವನ ಹಲ್ಲಿನ ಸೆಟ್ಟನ್ನು
ನಾನು ಎರಡು ವರ್ಷ, ಪ್ರತಿ ಭಾನುವಾರ ತೊಳೆದೆ."
ಒಂದು ಗುಂಡಿ ಒತ್ತಿದರೆ ಎಲ್ಲವೂ ಹೋಗುತ್ತಿತ್ತು.
ಬೆರಳು ಇಟ್ಟೆ. ತೆಗೆದೆ.

ಆ ವಾರ ಸಮುದ್ರ ಹೆಪ್ಪುಗಟ್ಟಿತು.
ಜುನಿಪರ್ ರೆಂಬೆ ನೆಟ್ಟು ಮಂಜುಗಡ್ಡೆಯ ಮೇಲೆ ದಾರಿ ತೆರೆದರು.
ಅಲ್ಲಿನ ಕಾನೂನೇ ಬೇರೆ: ಬೆಲ್ಟ್ ಕಟ್ಟಬಾರದು,
ಬಿರುಕು ಬಿಟ್ಟರೆ ಹಾರಿಕೊಳ್ಳಬೇಕು.
ನಡುವೆ ನಿಲ್ಲಬಾರದು. ಮುಂದಿನ ಕಾರಿನಿಂದ ಕಾಲು ಕಿಲೋಮೀಟರು ದೂರ.
ಪಕ್ಕದ ಸೀಟಿನಲ್ಲಿ ಹಳೆಯ ಕ್ಯಾಟಲಾಗ್ ಕಾರ್ಡುಗಳು,
ಅವುಗಳ ಬೆನ್ನ ಮೇಲೆ ಹತ್ತೊಂಬತ್ತು ಉತ್ತರ, ನನ್ನ ಕೈಬರಹ.
ಒಬ್ಬೊಬ್ಬರನ್ನೂ ಕೇಳಿದ್ದೆ. ಮಾಲ್ಲೆಯನ್ನು ಎರಡು ಸಲ.
ಹೆಸರು ಹಾಕಬೇಡ ಅಂದಿದ್ದಳು.

"ಅಳಿಸಿದ್ದೆನಲ್ಲ" ಅಂದ, ಬಾಗಿಲಲ್ಲೇ.
"ಗೊತ್ತು."
ಕಾರ್ಡುಗಳನ್ನು ಫ್ರಿಜ್ಜಿನ ಮೇಲಿಟ್ಟೆ, ಕನ್ನಡಕಕ್ಕೆ ತಾಗದ ಹಾಗೆ.
ನಾನಿರುವ ತನಕ ಅವನು ಮುಟ್ಟಲಿಲ್ಲ.
ಚಹಾಕ್ಕೆ ಸಕ್ಕರೆ ಎಷ್ಟು ಅಂತ ಕೇಳಿದ,
ಮೂವತ್ತು ವರ್ಷದಿಂದ ಗೊತ್ತಿದ್ದೂ.

ಕತ್ತಲಾದರೆ ಆ ದಾರಿ ಮುಚ್ಚುತ್ತಾರೆ.
ಅರ್ಧ ಲೋಟಕ್ಕೇ ಎದ್ದು ಹೊರಟೆ.
ಅಡಿಯಲ್ಲೆಲ್ಲೋ ನೀರು ನರಳುವ ಸದ್ದು,
ಮಡಿಲ ಮೇಲೆ ಸಡಿಲ ಬೆಲ್ಟು.

ರಾತ್ರಿ ಸೇತುವೆಯ ಮೇಲೆ ಒಂದು ಸಾಲು:
"ಹಲ್ಲಿನ ಸೆಟ್ಟು ತೊಳೆದವರು ಯಾರು?"

ಮಾಲ್ಲೆಯನ್ನು ಕೇಳಬೇಕು.