ನೆಗ್ಗು

ಬನಹಟ್ಟಿಯ ಮನಿ ಪಾಲಾದಾಗ
ಮಗ್ಗ ಎರಡೂ ದೊಡ್ಡಪ್ಪಗ, ಕಟ್ಟಿಗಿ ಪೆಟಗಿ ಕಾಕಾಗ,
ನೀಲವ್ವತ್ತಿಗೆ ನೀರಿನ ಹಂಡೆ.
ನಮಗ ಬಂದದ್ದು
ಯಾರೂ ಬೇಡದ ಹಿತ್ತಾಳಿ ಚಟಾಕು,
ಒಂದು ಮಗ್ಗಲು ನೆಗ್ಗಿದ್ದು,
ಮತ್ತ ಆಯಿ ಹೇಳಿ ಅವ್ವ ಬರಕೊಂಡ ರಂಜಕದ ಲೆಕ್ಕ,
ನೂಲಿನಂಗಡಿ ಹಳೇ ಬಿಲ್ಲಿನ ಬೆನ್ನಿಗೆ:

ಹಣ್ಣಮೆಣಸಿನಕಾಯಿ ಎರಡು ಕಿಲೊ.
ತೊಳಿ, ಒರಸು, ಆಮ್ಯಾಲ ತೊಟ್ಟು ತಗಿ. ಪಸಿ ಇರಬಾರದು.
ಹಳ್ಳುಪ್ಪು ಮೂರು ಚಟಾಕು.
ಮೆಂತ್ಯ ಹುರಿ, ಹತ್ತಿಸಬ್ಯಾಡ.
ಬಳ್ಳೊಳ್ಳಿ ಕೈಗೆ ಬಂದಷ್ಟು.
ಲಿಂಬಿಹುಳಿ.
ಮೂರು ದಿನ ಯಾರೂ ಮುಟ್ಟಬಾರದು.

ಹೋದ ಮಾಗಿಯೊಳಗ
ಹೊಸಾ ಸ್ಟೀಲ್ ಚಟಾಕಿನಿಂದ ಅಳೆದೆ.
ಬಾಯಿಗಿಡಲಾಗದಷ್ಟು ಉಪ್ಪು.
ಅವ್ವ ಬೆರಳು ನೆಕ್ಕಿ, ಮಾಡದ ಕಡೆ ನೋಡಿ
"ಅದರಾಗ ಅಳಿಲಿಲ್ಲೇನು?" ಅಂದಳು.

ನೆಗ್ಗಿನ ಸುದ್ದಿ ಮನ್ಯಾಗ ಮೂರು ಥರ ಅದ.
ಕಾಕಾ ಅಂತಾನ: ಮಾಡದಿಂದ ಬಿತ್ತು.
ದೊಡ್ಡಪ್ಪ: ನನಗೇನು ನೆನಪು, ಸಣ್ಣಾವಿದ್ದೆ.
ಆಗ ಅವಗ ಹದಿನಾರು.
ನೀಲವ್ವತ್ತಿ ಒಬ್ಬಾಕಿ, ಹಂಡೆ ತಿಕ್ಕುತ್ತ,
ಹೊಳ್ಳಿ ನೋಡದೆ:
"ಅಪ್ಪ ಒಗದ. ಅವ್ವ ಬಾಗಲಿಲ್ಲ."

ಆಯಿ ಗುರಸಿದ್ದವ್ವ ಹೇಳಿದ್ದೇ ಇಲ್ಲ.
ಎಡಹುಬ್ಬಿನ ಮ್ಯಾಲ ವಿಭೂತಿ ಇಷ್ಟು ದಪ್ಪ ಬಳಕೊಂಡು
ಅದೇ ಚಟಾಕಿನ್ಯಾಗ ಉಪ್ಪು ಅಳೆದಳು.
ಬಂದ ರುಚಿಗೆ ಮನಿ ಒಗ್ಗಿತು.
ಉಂಡವರೆಲ್ಲ ಹೊಗಳಿದರು. ಅಜ್ಜನೂ.
ಅದಿದ್ದ ದಿನ ಎರಡು ರೊಟ್ಟಿ ಹೆಚ್ಚಿಗೆ ಉಣತಿದ್ದನಂತ.

ಬೋಗಾರ ತಿರುಗಿಸಿ ಮುರುಗಿಸಿ ನೋಡಿದ.
"ಇಪ್ಪತ್ತು ರೂಪಾಯಿ ಕೊಡ್ರಿ, ಒಳಗಿಂದ ಬಡದರ ಸಪಾಟ."
ಬ್ಯಾಡಂದೆ.

ಪತ್ತಾರ ಕಾಳಪ್ಪನ ಅಂಗಡಿಗೆ ಎರಡೂ ಒಯ್ದೆ.
ನೆಟ್ಟಗಿದ್ದದ್ದರ ಉಪ್ಪು ಒಮ್ಮೆ, ನೆಗ್ಗಿದ್ದರ ಉಪ್ಪು ಒಮ್ಮೆ.
ಬಂಗಾರ ತೂಗೂ ತಕ್ಕಡಿ,
ಕೂದಲೆಳಿಗೂ ಅಳ್ಳಾಡತದ:
ಮುಕ್ಕಾಲು ತೊಲಿ ಕಮ್ಮಿ.
ಆಯಿ ಮೈಮ್ಯಾಲ ಅಷ್ಟು ಬಂಗಾರ
ಎಂದೂ ಇರಲಿಲ್ಲ.

ಈ ಸಲ ಮಗಳು ವಹಿ ಹಿಡಿದು ಕುಂತಾಳ.
"ಚಟಾಕು ಪಟಾಕು ನನಗ ತಿಳಿಯೂದಿಲ್ಲಪಾ,
ಗ್ರಾಮಿನ್ಯಾಗ ಹೇಳು."
ಕಳದು ಹೇಳಿದೆ. ಬರಕೊಂಡಳು.
ತನ್ನಷ್ಟಕ್ಕ ಗುಣಿಸಿ ನೋಡಿ, ಪೆನ್ನು ಎತ್ತಿ,
"ಮೂರು ಚಟಾಕಂದ್ರ ಇಷ್ಟಾಗೂದಿಲ್ಲಲ್ಲ. ಕಮ್ಮಿ ಯಾಕ?"

ಒಳ್ಳಿನ್ಯಾಗ ಮೆಣಸಿನಕಾಯಿ ಅರ್ಧ ಜಜ್ಜಿತ್ತು.
ಘಾಟಿಗೆ ಇಬ್ಬರ ಕಣ್ಣಾಗೂ ನೀರು.
ತಡಿ,
ಕೈ ತೊಳಕೊಂಡು ಬರತೇನಿ, ಅಂದೆ.