ಎದುರು ಪೆಟ್ಟಿಗೆ

ಎರಡೇ ಪೆಟ್ಟಿಗೆ, ಒಂದೇ ಹಗ್ಗ.
ಒಂದು ಇಳಿದರೆ ಇನ್ನೊಂದು ಏರುತ್ತದೆ.
ವಾಲ್ಪರೈಸೊದ ಈ ಗುಡ್ಡಕ್ಕೆ
ನಾನು ಹುಟ್ಟುವ ಮುಂಚಿನಿಂದ ಇದೇ ಲೆಕ್ಕ.

ನಾನು ಓರ್ತೆನ್ಸಿಯಾ. ಮೇಲಿನ ಗೂಡಿನಲ್ಲಿ ಕೂತು
ನೂರು ಪೆಸೊ ಎಣಿಸಿಕೊಂಡು
ತಿರುಗುವ ಗಂಬಿ ಬಿಡುವವಳು.
ಇಪ್ಪತ್ತಾರು ವರ್ಷವಾಯಿತು.
ಹಗ್ಗ ಎರಡು ಸಲ ಸವೆಯಿತು, ಎರಡು ಸಲ ಬದಲಾಯಿತು.
ನನ್ನ ಮಂಡಿಯೂ ಸವೆದಿದೆ,
ಅದರ ಸುದ್ದಿ ನಗರಸಭೆಗೆ ಇನ್ನೂ ಮುಟ್ಟಿಲ್ಲ.

ಒಂದು ಏರಿಗೆ ಎಂಬತ್ತು ಸೆಕೆಂಡು.
ಅಷ್ಟರಲ್ಲಿ ಏನಾದೀತು?
ಒಬ್ಬಳು ತುಟಿಗೆ ಬಣ್ಣ ಬಳಿದು, ಒರೆಸಿ,
ಮತ್ತೆ ಬಳಿದುಕೊಂಡು ಇಳಿದದ್ದು ಕಂಡಿದ್ದೇನೆ.
ಒಬ್ಬ ಹಡಗಿನವನು, ಯಾವ ದೇಶವೋ,
ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟು
ತನ್ನ ಭಾಷೆಯಲ್ಲಿ ಏನೋ ಅಂದು ಹೋದ.
ಬೈದನೋ ಹರಸಿದನೋ,
ಹಣ್ಣಂತೂ ಸಿಹಿಯಿತ್ತು.

ನಡುದಾರಿಯಲ್ಲಿ ಪೆಟ್ಟಿಗೆಗಳು
ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಹಾಯುತ್ತವೆ.
ಎರಡು ಸೆಕೆಂಡು. ಗಾಜಿಗೆ ಗಾಜು.

ಬೆಳಿಗ್ಗೆ ಏಳು ಹತ್ತಕ್ಕೆ
ಇಳಿಯುವುದರಲ್ಲಿ ಒಬ್ಬನೇ ಮುದುಕ, ಪಿಯಾನೊ ಸರಿಮಾಡುವವನು,
ಚರ್ಮದ ಚೀಲ, ಅದಕ್ಕಿಂತ ಸುಕ್ಕಾದ ಕೋಟು.
ಏರುವುದರಲ್ಲಿ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ಹುಡುಗಿ,
ನಿದ್ದೆಗಣ್ಣು, ಬಗಲಲ್ಲಿ ಬಿಸಿ ಬ್ರೆಡ್ಡಿನ ಪೊಟ್ಟಣ.
ಅವನು ಟೋಪಿಯ ಅಂಚು ಮುಟ್ಟುವನು.
ಅವಳು ಪೊಟ್ಟಣ ಎತ್ತಿ ತೋರಿಸುವಳು.
ಅಷ್ಟೇ. ಮೂರು ವರ್ಷ.
ಎಲ್ಲ ಕೂಡಿಸಿದರೆ ಅರ್ಧ ಗಂಟೆಯ ಪರಿಚಯ.
ಹೆಸರು ಕೇಳೋಣವೆಂದರೆ
ಹಗ್ಗ ಯಾರಿಗಾಗಿ ನಿಲ್ಲುತ್ತದೆ?

ಆಗಸ್ಟಿನ ಚಳಿಯಲ್ಲಿ ಒಂದು ಸೋಮವಾರ
ಮುದುಕ ಬರಲಿಲ್ಲ.
ಖಾಲಿ ಪೆಟ್ಟಿಗೆ ಇಳಿಯಿತು. ಮೋಟಾರು ನರಳಿತು.
ಯಂತ್ರದ ಕೋಣೆಯಿಂದ ಅಬೆಲಾರ್ದೊ ತಲೆ ಹೊರಹಾಕಿ
"ತೂಕ ಕಮ್ಮಿ" ಅಂದ.
ಅಷ್ಟಂದು ಒಳಗೆ ಹೋದ.

ಮೇಲೆ ಬಂದ ಹುಡುಗಿ ಗಂಬಿ ಹಿಡಿದು ನಿಂತಳು.
"ಆ ಟೋಪಿಯವರು?"
ನನಗೂ ಹೆಸರು ಗೊತ್ತಿರಲಿಲ್ಲ, ನೋಡಿ.
ಅವನ ನಾಣ್ಯ ಯಾವಾಗಲೂ ಬೆಚ್ಚಗಿರುತ್ತಿತ್ತು,
ಮನೆಯಿಂದಲೇ ಮುಷ್ಟಿಯಲ್ಲಿ ಹಿಡಿದು ತರುತ್ತಿದ್ದ,
ಗೊತ್ತಿದ್ದುದು ಅದೊಂದೇ. ಅದನ್ನೇ ಹೇಳಿದೆ.
ಅವಳು ಅಲ್ಲೇ ಅತ್ತಳು.
ಅಷ್ಟರಲ್ಲಿ ಸಾಲು ಬೆಳೆದಿತ್ತು: ಶಾಲೆಯ ಮಕ್ಕಳು,
ಹೊಲಿಗೆಯಂತ್ರ ಹೊತ್ತ ದಂಪತಿ, ಗಡಿಯಾರ ನೋಡುವ ವಕೀಲರು.
ಒಬ್ಬರೂ ಬೇಗ ಸರಿಯಮ್ಮ ಅನ್ನಲಿಲ್ಲ.
ವಕೀಲರು ಅಂದರು, ಆದರೆ ಮೆಲ್ಲಗೆ.

ಹಿಂದಿನ ಜನ್ಮ ಅಂದರೆ
ನಮ್ಮ ಇಗರ್ಜಿಯ ಪಾದ್ರಿ ಒಪ್ಪುವುದಿಲ್ಲ.
ಋಣ ಅನ್ನೋಣವೆಂದರೆ
ಯಾರು ಯಾರಿಗೆ ಕೊಡಬೇಕಿತ್ತು?
ನನಗೆ ತಿಳಿದಿರುವುದು ಈ ಯಂತ್ರವೊಂದೇ.
ಏರುವಾಗ ನೀನು ಮೋಟಾರಿನ ಬಲ ಅಂದುಕೊಳ್ಳುತ್ತೀಯೆ.
ಮುಕ್ಕಾಲು ಪಾಲು ಅದಲ್ಲ.
ಆಚೆ ಪೆಟ್ಟಿಗೆಯಲ್ಲಿ ಯಾರೋ ಇಳಿಯುತ್ತಿದ್ದಾರೆ,
ತಮ್ಮ ಕೋಟು, ಚೀಲ, ಸೊಂಟದ ನೋವು,
ಆಗಷ್ಟೇ ಕುಡಿದ ಕಾಫಿಯ ಭಾರ ಸಮೇತ,
ತಮ್ಮ ಪಾಡಿಗೆ ತಾವು.
ನಿನ್ನನ್ನು ಎತ್ತುತ್ತಿರುವುದು
ಅವರಿಗೆ ಗೊತ್ತಿರುವುದೂ ಇಲ್ಲ.

ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗ ಬಂದ.
ಮೊಮ್ಮಗನಿರಬೇಕು, ಹೆಗಲಲ್ಲಿ ಅದೇ ಚರ್ಮದ ಚೀಲ.
ಕೇಳಬೇಕೆಂದು ಬಾಯಿ ತೆರೆದೆ.
ನಾಣ್ಯ ತಣ್ಣಗಿತ್ತು. ಕೇಳಲಿಲ್ಲ.

ಏಳು ಹತ್ತು.
ಗೂಡಿನಿಂದ ಬಗ್ಗಿ ನೋಡಿದೆ.
ನಡುದಾರಿಯಲ್ಲಿ ಅವಳು ಪೊಟ್ಟಣ ಎತ್ತಿದಳು.
ಹುಡುಗನ ಕಣ್ಣು ಫೋನಿನಲ್ಲಿ.
ಮಂಗಳವಾರವೂ ಎತ್ತಿದಳು. ಬುಧವಾರವೂ.

ಗುರುವಾರ ಅವನು ತಲೆ ಎತ್ತಿದ.
ಬ್ರೆಡ್ಡು ಕಂಡ.
ತನಗಲ್ಲ, ಹಿಂದಿರುವ ಯಾರಿಗೋ ಎಂದುಕೊಂಡು
ತಿರುಗಿ ನೋಡಿದ,
ಖಾಲಿ ಬೆಂಚಿನ ಕಡೆ.