ಪೇಪರ್ ಕ್ಲಿಪ್

ಬಂಗಾರಪೇಟೆಯ ರೈಲ್ವೆ ಗೇಟು ಬಿದ್ದು ಇಪ್ಪತ್ತು ನಿಮಿಷ ತಡ.
ತಬಸ್ಸುಮ್ ಆಗಲೇ ಪರದೆ ಎಳೆದು ಕೂತಿದ್ದಳು.
"ಹೊರಗೆ ಹದಿನಾಲ್ಕು ಜನ ಮೇಡಂ, ಎಲ್ಲರೂ ನೀರು ಕುಡಿದವರು.
ಬೇಗ ಮುಗಿಸಿ."

ಚೀಲದಿಂದ ನನ್ನ ರೋಗಿಯನ್ನು ತೆಗೆದು ಮಂಚದ ಮೇಲಿಟ್ಟೆ:
ಇಟ್ಟಿಗೆ ಗಾತ್ರದ ಡಬ್ಬಿ, ಒಳಗೆ ಮಾಂಸದಂತೆ ನಟಿಸುವ ಲೋಳೆ,
ಸೆಂಟಿಮೀಟರಿಗೊಂದು ನೈಲಾನ್ ಎಳೆ.
ಇದಕ್ಕೆ ಗಂಡನ ಹೆಸರಿಲ್ಲ, ಕೊನೆಯ ಮುಟ್ಟಿನ ತಾರೀಕಿಲ್ಲ.
ಹತ್ತು ಎಂದರೆ ಹತ್ತೇ.
ಸುಳ್ಳು ಬಂದರೆ ಅದು ಯಂತ್ರದ್ದು.

ಅಳತೆ ಸರಿಯಿತ್ತು. ಎಡಗಡೆ ಮಾತ್ರ
ಮೇಲಿನಿಂದ ಕೆಳಗೆ ಒಂದು ಕಪ್ಪು ಪಟ್ಟಿ.
"ಯಾವಾಗಿನಿಂದ?"
ತಬಸ್ಸುಮ್ ಜೆಲ್ ಬಾಟಲಿ ಅಲ್ಲಾಡಿಸಿದಳು,
ಉತ್ತರ ಅದರ ತಳದಲ್ಲಿದ್ದಂತೆ.
"ಪ್ರೋಬು ಕೈಜಾರಿತ್ತು. ಯುಗಾದಿಗೆ ಮುಂಚೆ.
ಡಾಕ್ಟರಿಗೆ ಹೇಳಿದೆ. ಪವರ್ ಏರಿಸಿಕೋ ಅಂದರು."

ಫೈಲಿನಿಂದ ಒಂದು ಪೇಪರ್ ಕ್ಲಿಪ್ ಕಿತ್ತು, ನೆಟ್ಟಗೆ ಮಾಡಿ
ಪ್ರೋಬಿನ ಮುಖದ ಮೇಲೆ ನಿಧಾನ ಎಳೆದೆ.
ಕ್ಲಿಪ್ಪಿನ ಜೊತೆ ಪರದೆಯಲ್ಲಿ ಬೆಳಕಿನ ಕಿಡಿ ನಡೆಯಿತು,
ನಡೆಯಿತು, ನಡೆಯಿತು,
ಆರಿತು.
ಆಮೇಲೆ ಮತ್ತೆ ನಡೆಯಿತು.
ನಡುವೆ ನಾಲ್ಕು ಹರಳು ಸತ್ತಿದ್ದವು.

ನಮ್ಮ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಇಳಿಯುತ್ತಿದ್ದವರು.
ಪಾಳಿಗೆ ಮುಂಚೆ ಕಬ್ಬಿಣದ ಸರಳಲ್ಲಿ
ತಲೆಮೇಲಿನ ಬಂಡೆ ಕುಟ್ಟಿ ಕೇಳುತ್ತಿದ್ದರಂತೆ.
ಖಣ್ ಅಂದರೆ ಕೆಲಸ. ದೊಬ್ ಅಂದರೆ ಓಡು.
ಕಿವಿ ಮಂದವಾದ ವರ್ಷ ತಾವೇ ಹೋಗಿ ಮೇಸ್ತ್ರಿಗೆ ಹೇಳಿದರಂತೆ:
ಇನ್ನು ನನ್ನ ಕೈಗೆ ಸರಳು ಕೊಡಬೇಡಿ.

ಪವರ್ ನೂರಕ್ಕೆ ನೂರಿತ್ತು.
ಮೂಲೆಯಲ್ಲಿ ಟಿಐ, ಯಾರೂ ಓದದ ಸಣ್ಣ ಅಂಕಿ, ಒಂದನ್ನು ಮುಟ್ಟಿತ್ತು.
ಸುಡುವಷ್ಟಲ್ಲ, ಜ್ವರವೂ ಅಲ್ಲ.
ಅವರೆಕಾಳಿನಷ್ಟು ಜೀವಕ್ಕೆ ಬೆಚ್ಚಗೆ ಅಂದರೆ ಎಷ್ಟು,
ಅದನ್ನೇ ಕೇಳುವ ಹಾಗಿಲ್ಲ.
ಸತ್ತ ಹರಳಿನ ಮುಂದೆ ಎಷ್ಟು ಕಿರುಚಿದರೂ ಅದು ಏಳುವುದಿಲ್ಲ,
ಕಿರುಚಿದ್ದು ಆಚೆ ಮಲಗಿದವಳಿಗೆ ತಾಗುತ್ತದೆ.
ಇಳಿಸಿದೆ.
ಬೀರುವಿನಲ್ಲಿ ಇನ್ನೊಂದು ಪ್ರೋಬಿತ್ತು, ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.
ಹೊಸದು, ಹಾಳಾಗಬಾರದು ಅಂತ.

ಮೊದಲು ಒಳಗೆ ಬಂದವಳು ಬೇತಮಂಗಲದ ಸೊಸೆ, ಎಂಟು ವಾರ.
ಜೊತೆಗೆ ಅತ್ತೆ ಮುನಿಯಲ್ಲಮ್ಮ, ಕೈಯಲ್ಲಿ ಫೋನು:
"ಎದೆ ಬಡ್ಕೊಳ್ಳೋದು ಕೇಳ್ಸಮ್ಮ, ತುಂಬಿಸ್ಕೋತೀನಿ.
ಪಕ್ಕದ್ಮನೆಯೋಳಿಗೆ ಕೇಳ್ಸಿದ್ರಂತೆ."
ತಬಸ್ಸುಮ್ ನನ್ನ ಕಡೆ ನೋಡಿದಳು. ನಾನು ಕಿಟಕಿ ಕಡೆ.
"ಶಬ್ದಕ್ಕೆ ಇನ್ನೂ ಎಳೇದು ಅಜ್ಜಿ. ಇವತ್ತು ಗೀಟು ಮಾತ್ರ."
ಗೀಟು ಬಂತು, ರವಿಕೆಯ ಅಂಚಿಗೆ ಹಾಕಿದ ಕೈಹೊಲಿಗೆಯಂತೆ,
ಸಣ್ಣಗೆ, ಒತ್ತೊತ್ತಾಗಿ.
ಮುನಿಯಲ್ಲಮ್ಮ ಪರದೆಯ ಮೇಲೆ ಬೆರಳಿಟ್ಟು ಅದರ ಹಿಂದೆ ಹೋದಳು.
"ಎಲ್ಲೂ ದಾರ ಕಿತ್ತಿಲ್ವಲ್ಲ?"
"ಇಲ್ಲ."

ರಿಜಿಸ್ಟರಿನಲ್ಲಿ ಬರೆದೆ: ಹಳೆಯ ಪ್ರೋಬು ಬಳಸತಕ್ಕದ್ದಲ್ಲ.
ಯುಗಾದಿಯಿಂದ ಶ್ರಾವಣದವರೆಗೆ ಎಷ್ಟು ಹೊಟ್ಟೆ,
ಅದಕ್ಕೆ ಕಾಲಮ್ಮಿರಲಿಲ್ಲ.
ಸ್ಕೇಲು ಹಿಡಿದು ಒಂದು ಎಳೆದೆ.
ತಬಸ್ಸುಮ್ ಹಳೆಯ ಪುಟ ತಿರುಗಿಸುತ್ತಾ ಎಣಿಸತೊಡಗಿದಳು,
ಹೊರಗಿನವರು ಬಾಗಿಲು ತಟ್ಟುತ್ತಲೇ ಇದ್ದರು.
ನೆಟ್ಟಗಾದ ಕ್ಲಿಪ್ಪು ಇನ್ನು ಫೈಲಿಗೆ ಕೂರುವುದಿಲ್ಲ.
ಪರ್ಸಿಗೆ ಹಾಕಿಕೊಂಡೆ.